ನಾಲ್ಕು ಜಾಕಿಗಳ ಮೇಲೊಂದು ಮನೆ

ಅಮೆರಿಕದಲ್ಲಿ ಪ್ರವಾಸ ಹೋಗುವ ಕೆಲವರು ಪಿಕಪ್ ಗಾಡಿಯ ಬೆನ್ನ ಮೇಲೆ ಪುಟ್ಟ ಮನೆಯನ್ನೇ ಹೇರಿಕೊಂಡು ಹೋಗುತ್ತಾರೆ. ಅದರೊಳಗೆ ಹಾಸಿಗೆ, ಒಲೆ ಎಲ್ಲವೂ ಉಂಟು. ಇದಕ್ಕೆ ‘ಟ್ರಕ್ ಕ್ಯಾಂಪರ್’ ಎಂದು ಹೆಸರು. ಸಾವಿರ ಕಿಲೋಗ್ರಾಂ ಮೀರಿದ ಕ್ಯಾಂಪರುಗಳೂ ಇವೆ. ಇಷ್ಟು ಭಾರವನ್ನು ಇಳಿಸಲು ಕ್ರೇನು ಬೇಡ. ಅದರ ನಾಲ್ಕು ಮೂಲೆಗಳಲ್ಲಿರುವ ಜಾಕಿಗಳೇ ಸಾಕು.

ಮೊದಲು ಗಟ್ಟಿಯಾದ, ಸಮತಟ್ಟಾದ ನೆಲವನ್ನು ಆರಿಸಿ ಗಾಡಿಗೆ ಕೈಬ್ರೇಕು ಹಾಕಬೇಕು. ನೆಲ ಮೆತ್ತಗಿದ್ದರೆ ಜಾಕಿಯ ಪಾದದಡಿ ಅಗಲವಾದ ಹಲಗೆ ಇಡಬೇಕು. ಭಾರ ಹರಡುವುದರಿಂದ ಪಾದ ಹೂತುಹೋಗದು. ಬಿಗಿದ ಕೊಂಡಿಗಳನ್ನೂ ವಿದ್ಯುತ್ ತಂತಿಯನ್ನೂ ಬಿಡಿಸಿದ ಮೇಲೆ ನಾಲ್ಕು ಜಾಕಿಗಳನ್ನೂ ಸಮನಾಗಿ, ಸ್ವಲ್ಪಸ್ವಲ್ಪವೇ ಏರಿಸಬೇಕು. ಒಂದನ್ನೇ ಏರಿಸಿದರೆ ಹೆಚ್ಚಿನ ಭಾರ ಅದರ ಮೇಲೂ ಕರ್ಣದ ಎದುರು ಮೂಲೆಯ ಜಾಕಿಯ ಮೇಲೂ ಬಿದ್ದು ಕ್ಯಾಂಪರು ಓಲಾಡುತ್ತದೆ. ನಾಲ್ವರು ಮೇಜು ಎತ್ತುವಾಗ ಒಬ್ಬನೇ ಅವಸರಪಟ್ಟರೆ ಏನಾಗುತ್ತದೆಂದು ನೀವೆಲ್ಲ ಬಲ್ಲಿರಿ!

ಗಾಡಿಯನ್ನು ಮೆಲ್ಲನೆ ಮುಂದಕ್ಕೆ ತೆಗೆದ ಕೂಡಲೆ ಕ್ಯಾಂಪರನ್ನು ತಗ್ಗಿಸಬೇಕು. ಎತ್ತರದಲ್ಲಿ ನಿಂತಷ್ಟೂ ಅದು ಉರುಳುವ ಭಯ ಹೆಚ್ಚು. ಜೋರು ಗಾಳಿಯಲ್ಲಿ ಈ ಕೆಲಸ ಸಲ್ಲದು.

ವಿದ್ಯಾರ್ಥಿಗಳೇ, ನಮ್ಮ ರಸ್ತೆಯಲ್ಲಿ ಪಂಕ್ಚರಾಗಿ ನಿಂತ ಲಾರಿಗೂ ಇದೇ ಎಚ್ಚರ ಬೇಕು. ಜಾಕಿಯೊಂದನ್ನೇ ನಂಬಿ ಎತ್ತಿದ ಭಾರದ ಅಡಿಗೆ ಎಂದೂ ನುಸುಳಬೇಡಿರಿ.