ಬಣ್ಣ ಕೆಡದಂತೆ ನೆಗ್ಗು ಎತ್ತುವವರು

ಏಪ್ರಿಲ್-ಮೇ ತಿಂಗಳಲ್ಲಿ ಬೆಂಗಳೂರಿಗೆ ಜೋರು ಆಲಿಕಲ್ಲು ಮಳೆ ಬಿತ್ತೆಂದರೆ ಮಾರನೆಯ ದಿನ ನೆಗ್ಗು ತೆಗೆಯುವ ಅಂಗಡಿಗಳ ಮುಂದೆ ಕಾರುಗಳು ಬಂದು ನಿಲ್ಲುತ್ತವೆ. ಬಾನೆಟ್ಟು, ಟಾಪು ಎಲ್ಲ ಸಿಡುಬಿನ ಕಲೆ ಬಿದ್ದ ಹಾಗೆ. ಅವುಗಳ ನಡುವೆಯೇ ವರ್ಷವಿಡೀ ಬರುವ ಗಿರಾಕಿಗಳೂ ಇರುತ್ತಾರೆ. ಒಬ್ಬರ ಬಾಗಿಲಿಗೆ ಸಿಗ್ನಲ್‌ನಲ್ಲಿ ಸ್ಕೂಟರಿನ ಹ್ಯಾಂಡಲ್ ತಾಗಿದೆ, ಇನ್ನೊಬ್ಬರ ಬಾನೆಟ್ ಮೇಲೆ ತೆಂಗಿನಕಾಯಿ ಬಿದ್ದಿದೆ, ಮತ್ತೊಬ್ಬರದಕ್ಕೆ ಬೀದಿ ಹುಡುಗರ ಕ್ರಿಕೆಟ್ ಚೆಂಡು ಬಡಿದಿದೆ.

ಮೇಸ್ತ್ರಿ ಷಟರನ್ನು ಅರ್ಧ ಇಳಿಸುತ್ತಾರೆ. ಹೊರಗಿನ ಬೆಳಕು ಒಳಗೆ ನುಗ್ಗಿದರೆ ಕೆಲಸ ಕೆಡುತ್ತದೆ. ಕರಿ-ಬಿಳಿ ಪಟ್ಟೆಗಳಿರುವ ಎಲ್‌ಇಡಿ ದೀಪದ ಹಲಗೆಯೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕಾರಿನ ಬಾಗಿಲ ಎದುರು ನಿಲ್ಲಿಸುತ್ತಾರೆ. ಹೊಳಪಿನ ಬಣ್ಣದ ಮೇಲೆ ಪಟ್ಟೆಗಳ ಪ್ರತಿಬಿಂಬ ಮೂಡುತ್ತದೆ. ತಗಡು ಸರಿಯಿದ್ದಲ್ಲಿ ಗೆರೆಗಳು ನೆಟ್ಟಗೆ ಹರಿದು, ನೆಗ್ಗಿದಲ್ಲಿ ಒಂದರ ಮೇಲೊಂದು ಮುದುಡಿಕೊಳ್ಳುತ್ತವೆ. ಇನ್ನು ಮುಂದೆ ಅವರು ಗುಳಿಯನ್ನು ನೋಡುವುದೇ ಇಲ್ಲ, ಗೆರೆಗಳನ್ನಷ್ಟೇ ನೋಡುತ್ತಾರೆ.

ಬಾಗಿಲ ಗಾಜನ್ನು ಇಳಿಸಿ, ರಬ್ಬರಿನ ಸಂದಿಗೆ ಬೆಣೆ ಹೊಡೆದು, ತುದಿ ಬಾಗಿದ ಉದ್ದನೆಯ ಉಕ್ಕಿನ ಸಲಾಕೆಯನ್ನು ಒಳಗೆ ಇಳಿಸುತ್ತಾರೆ. ಹೊರತಗಡಿನ ದಪ್ಪ ಹೆಚ್ಚುಕಡಿಮೆ 0.7 ಮಿಲಿಮೀಟರ್. ಅದರ ಹಿಂಬದಿಯಲ್ಲಿ ಸಲಾಕೆಯ ತುದಿ ಎಲ್ಲಿದೆ ಎಂಬುದು ಕಣ್ಣಿಗೆ ಕಾಣದು. ಮೆಲ್ಲಗೆ ಒತ್ತಿದಾಗ ಹೊರಗಿನ ಗೆರೆಯಲ್ಲಿ ಒಂದು ಚುಕ್ಕಿಯಷ್ಟು ಅಲುಗಾಟ ಕಾಣುತ್ತದೆ, ತುದಿ ಅಲ್ಲಿದೆ ಎಂದರ್ಥ. ಒಂದೇ ಸಲ ನಡುವಿಗೆ ಒತ್ತಿದರೆ ಗುಳಿಯ ಜಾಗದಲ್ಲಿ ಮೊಡವೆ ಏಳುತ್ತದೆ. ಅದಕ್ಕೇ ಅಂಚಿನಿಂದ ಸುತ್ತುತ್ತಾ, ಕೂದಲೆಳೆಯಷ್ಟು ಎತ್ತುತ್ತಾ ನಡುವಿಗೆ ಬರಬೇಕು. ಪೆಟ್ಟು ಬಿದ್ದಾಗ ಗುಳಿಯ ಸುತ್ತ ತಗಡು ಉಬ್ಬಿರುತ್ತದಲ್ಲ, ಆ ಉಬ್ಬನ್ನು ನೈಲಾನ್ ತುದಿಯ ಕಡ್ಡಿ ಇಟ್ಟು ಪುಟ್ಟ ಸುತ್ತಿಗೆಯಿಂದ ತಟ್ಟಿ ತಗ್ಗಿಸುತ್ತಾರೆ. ಒಂದು ಸಣ್ಣ ಗುಳಿಗೆ ಗಂಟೆಗಟ್ಟಲೆ ಹೀಗೆ ಬಗ್ಗಿ ನಿಲ್ಲುವ ಈ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವ.

ಒಳಗಿನಿಂದ ಕೈ ಹೋಗದ ಜಾಗಕ್ಕೆ ಬೇರೆ ದಾರಿಯಿದೆ. ಬಿಸಿ ಅಂಟು ಹಚ್ಚಿದ ಪ್ಲಾಸ್ಟಿಕ್ ಬಿಲ್ಲೆಯನ್ನು ಗುಳಿಗೆ ಅಂಟಿಸಿ ಹೊರಗಿನಿಂದ ಎಳೆಯುವುದು. ಆದರೆ ಇದಕ್ಕೂ ಮೊದಲು ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ತಗಡಿಗೆ ಒತ್ತಿ ನೋಡುತ್ತಾರೆ. ಕಾರ್ಖಾನೆಯ ಬಣ್ಣವಾದರೆ ಸಾಮಾನ್ಯವಾಗಿ 80ರಿಂದ 150 ಮೈಕ್ರಾನ್ ತೋರಿಸುತ್ತದೆ. ಮುನ್ನೂರು, ನಾನೂರು ಎಂದು ತೋರಿಸಿದರೆ ಹಿಂದೆ ಯಾರೋ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಎಂದೇ ಲೆಕ್ಕ. ಅಂಥ ಕಡೆ ಬಿಲ್ಲೆ ಎಳೆದರೆ ಬಣ್ಣವೂ ಕಿತ್ತು ಬರಬಹುದು, ಒಳಗಿನಿಂದ ಒತ್ತಿದರೆ ಪುಟ್ಟಿ ಬಿರಿಯುತ್ತದೆ.

"ಈ ಬಾಗಿಲಿಂದು ಬರುತ್ತೆ ಸಾರ್. ಹಿಂದಿನ ಬಾಗಿಲಿಂದು ಬರಲ್ಲ."

ಗಿರಾಕಿಗೆ ಅರ್ಥವಾಗುವುದಿಲ್ಲ. ಬರುತ್ತದೆ ಎಂದದ್ದು ಅಂಗೈ ಅಗಲದ ಗುಳಿ, ಬರುವುದಿಲ್ಲ ಎಂದದ್ದು ಬೆರಳುದ್ದದ್ದು.

"ಸೈಜ್ ನೋಡಬೇಡಿ ಸಾರ್, ಮಡಿಕೆ ನೋಡಿ."

ಈ ಕಸುಬಿನ ತಿರುಳು ಇರುವುದೇ ಆ ಮಾತಿನಲ್ಲಿ. ಅಗಲವಾಗಿ, ಆಳವಿಲ್ಲದೆ ತಗ್ಗಿದ ತಗಡು ಬಹುಪಾಲು ಬಾಗಿರುತ್ತದೆ ಅಷ್ಟೇ, ಒತ್ತಾಸೆ ಕೊಟ್ಟರೆ ಹಳೆಯ ಆಕಾರಕ್ಕೆ ಮರಳಲು ಅದೂ ತಯಾರು. ಚೂಪಾದ ಪೆಟ್ಟು ಬಿದ್ದಲ್ಲಿ ತಗಡು ಬಾಗುವುದಷ್ಟೇ ಅಲ್ಲ, ಹಿಗ್ಗುತ್ತದೆ. ಹಿಗ್ಗಿ ಹೆಚ್ಚಾದ ತಗಡಿಗೆ ಹೋಗಲು ಜಾಗವಿಲ್ಲ. ಎತ್ತಿದರೂ ಹೆಬ್ಬೆರಳಲ್ಲಿ ಒತ್ತಿದಾಗ ಟಕ್ಕೆಂದು ಒಳಗೆ ಹೋಗಿ ಟಕ್ಕೆಂದು ಹೊರಗೆ ಬರುತ್ತದೆ. ಮಡಿಕೆಯ ಗೆರೆ ಪೂರ್ತಿ ಅಳಿಯುವುದೂ ಕಷ್ಟ.

ಬಾಗಿಲ ಅಂಚಿನಲ್ಲಿ ಹೊರತಗಡನ್ನು ಒಳತಗಡಿಗೆ ಮಡಚಿ ಬಿಗಿದಿರುತ್ತಾರೆ, ಅಲ್ಲಿ ಸಲಾಕೆಗೆ ಸಂದಿಯಿಲ್ಲ. ಅಲ್ಯೂಮಿನಿಯಂ ಬಾನೆಟ್ಟಾದರೆ ಅಯಸ್ಕಾಂತ ಹಿಡಿಯದಿದ್ದಾಗಲೇ ಗೊತ್ತಾಗುತ್ತದೆ. ಅದಕ್ಕೆ ಬಿಸಿ ಕೊಡಬೇಕು, ಇನ್ನೂ ನಿಧಾನಿಸಬೇಕು, ಆದರೂ ಉಕ್ಕಿನಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಬಂಪರ್ ಪ್ಲಾಸ್ಟಿಕ್ಕಿನದು, ಅದರ ರಿಪೇರಿಯ ದಾರಿಯೇ ಬೇರೆ.

ಇಷ್ಟೆಲ್ಲ ಕಷ್ಟಪಡುವುದೇಕೆ, ಪುಟ್ಟಿ ಮೆತ್ತಿ ಬಣ್ಣ ಹೊಡೆದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಆ ಬಣ್ಣ ಕಾರ್ಖಾನೆಯ ಬಣ್ಣದಂತಲ್ಲ. ಕಾರ್ಖಾನೆಯಲ್ಲಿ ಬರಿಯ ಕವಚಕ್ಕೆ ಬಣ್ಣ ಬಳಿದು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ವೈರು, ಸೀಟು, ಪ್ಲಾಸ್ಟಿಕ್ ಎಲ್ಲ ಕೂತ ಕಾರನ್ನು ಅಷ್ಟು ಬಿಸಿ ಮಾಡುವಂತಿಲ್ಲ, ರಿಪೇರಿ ಬೂತಿನ ಶಾಖ 60 ಡಿಗ್ರಿಯ ಆಸುಪಾಸು. ಮೆಟಾಲಿಕ್ ಬಣ್ಣವಾದರೆ ಪಕ್ಕದ ಬಾಗಿಲಿಗೂ ತೆಳುವಾಗಿ ಹೊಡೆದು ಬೆರೆಸಬೇಕಾಗುತ್ತದೆ. ಆ ಖರ್ಚಿಗೆ ಇನ್ಶೂರೆನ್ಸ್ ಕ್ಲೇಮ್ ಮಾಡಿದರೆ, ವರ್ಷವರ್ಷ ಕೂಡಿ ಶೇಕಡಾ 50ರವರೆಗೆ ಏರುವ ನೋ ಕ್ಲೇಮ್ ಬೋನಸ್ ಸಾಮಾನ್ಯವಾಗಿ ಕೈತಪ್ಪುತ್ತದೆ. ಉಳಿಸಬಹುದಾದ ಮೂಲ ಬಣ್ಣವನ್ನು ಉಜ್ಜಿ ತೆಗೆಯುವುದು ನಷ್ಟವೇ ಸರಿ.

ಆದರೆ ಬಣ್ಣವೇ ಬಿರಿದಿದ್ದರೆ ಮೇಸ್ತ್ರಿ ಸಲಾಕೆ ಮುಟ್ಟಬಾರದು. ಹಿಂದಿನ ಬಾಗಿಲ ಮಡಿಕೆಯ ಮೇಲೆ ಅವರು ಉಗುರು ಎಳೆದು ತೋರಿಸುತ್ತಾರೆ. ಎಳೆಯಷ್ಟು ಸೀಳು, ಉಗುರು ಅಲ್ಲಿ ಸಿಕ್ಕಿ ನಿಲ್ಲುತ್ತದೆ. ತಗಡನ್ನು ನೆಟ್ಟಗೆ ಮಾಡಿದರೂ ಸೀಳು ಕೂಡುವುದಿಲ್ಲ, ನೀರು ಒಳಗಿಳಿಯುತ್ತದೆ, ಬಣ್ಣದ ಅಡಿಯಲ್ಲೇ ತುಕ್ಕು ಹರಡುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಓಡುವ ಗಾಡಿಗೆ ಇದು ಇನ್ನೂ ಬೇಗ. ದುಡ್ಡು ಬರುವ ಕೆಲಸಕ್ಕೆ ಮೊದಲೇ "ಆಗಲ್ಲ" ಎನ್ನುವ ಈ ಮೇಸ್ತ್ರಿಯನ್ನೇ ನಾನು ನಂಬುತ್ತೇನೆ. ಎಲ್ಲವೂ ಬರುತ್ತದೆ ಎನ್ನುವವರ ಕೈಗೆ ಕಾರಿನ ಕೀ ಕೊಡಬಾರದು.

"ಇದನ್ನ ಟಿಂಕರಿಂಗ್‌ಗೆ ತಗೊಂಡು ಹೋಗಿ. ಮಳೆಗಾಲ ಶುರುವಾಗೋ ಮುಂಚೆ ಬಣ್ಣ ಮಾಡಿಸಿಬಿಡಿ," ಎಂದು ಹೇಳಿ, ಮುಂದಿನ ಬಾಗಿಲಿನ ಒಳಗೆ ಸಲಾಕೆ ತಾಗಿದ ಕಡೆಗೆಲ್ಲ ತುಕ್ಕು ತಡೆಯುವ ಮೇಣ ಸ್ಪ್ರೇ ಮಾಡಿ, ಬೆಣೆ ತೆಗೆದು ಗಾಜನ್ನು ಮೇಲೇರಿಸುತ್ತಾರೆ.