ಹತ್ತುಮೀನಿನ ಕಾಲ, ಕೂಣಿಯ ಬಾಯಿ

ಮೃಗಶಿರ ಮಳೆ ಹಿಡಿದು ಎರಡು ಮೂರು ದಿನ ಬಿಡದೆ ಹೊಯ್ದರೆ ಮೂಡಿಗೆರೆ ಸೀಮೆಯ ಹಳ್ಳಗಳ ಚಹರೆಯೇ ಬೇರೆ. ಬೇಸಗೆಯಿಡೀ ಕಲ್ಲುಗಳ ಸಂದಿಯಲ್ಲಿ ತಿಳಿಯಾಗಿ ಜಿನುಗುತ್ತಿದ್ದ ನೀರು ರಾತ್ರಿ ಬೆಳಗಾಗುವುದರೊಳಗೆ ಕೆಮ್ಮಣ್ಣು ಕದಡಿದ ಕೆನ್ನೀರು. ಅದು ಗದ್ದೆಯ ಕಂಡಿಗಳಿಂದ ಧುಮುಕಿ ಹಳ್ಳ ಸೇರಿದ ದಿನವೇ ಊರಲ್ಲಿ ಸುದ್ದಿ: "ಮೀನು ಹತ್ತಿದಾವಂತೆ ಕಣ್ರೋ!" ಕಂಬಳಿ ಕೊಪ್ಪೆಯ ಕಾಲ ಹೋಗಿ ಪ್ಲಾಸ್ಟಿಕ್ ಕೊಪ್ಪೆ ಬಂದಿದೆ, ಸೂಡಿ ಹೋಗಿ ಬ್ಯಾಟರಿ ಬಂದಿದೆ. ಕತ್ತಲಲ್ಲಿ ಜಿಗಣೆ ಕಚ್ಚಿಸಿಕೊಂಡು ಹಳ್ಳದ ದಂಡೆಗೆ ಹೋಗುವ ಹುಮ್ಮಸ್ಸು ಮಾತ್ರ ಹಾಗೆಯೇ ಇದೆ.

ಮಲೆನಾಡಿನವರಿಗೆ ಹತ್ತುಮೀನಿನ ಪರಿಚಯ ಬೇಕಿಲ್ಲ. ಬಯಲುಸೀಮೆಯ ಓದುಗರಿಗಾಗಿ ಎರಡು ಮಾತು. ಮಳೆಗಾಲದ ಮೊದಲ ನೆರೆಯಲ್ಲಿ ಮೀನುಗಳು ಹೊಳೆಯ ಮಡುಗಳನ್ನು ಬಿಟ್ಟು ಪ್ರವಾಹಕ್ಕೆ ಎದುರಾಗಿ ಹಳ್ಳ, ಹಳ್ಳದಿಂದ ತೋಡು, ತೋಡಿನಿಂದ ಗದ್ದೆ ಹೀಗೆ ಮೇಲೇರುತ್ತವೆ. ಹೊಟ್ಟೆಯ ತುಂಬ ತತ್ತಿ. ಗದ್ದೆಯಲ್ಲಿ ನಿಂತ ನೀರು ಆಳವಿಲ್ಲದ್ದು, ಹೊಳೆಗಿಂತ ಬೆಚ್ಚಗಿನದು. ಸೆಳೆತವಿಲ್ಲ, ದೊಡ್ಡ ಮೀನುಗಳ ಕಾಟ ಕಡಿಮೆ, ಹುಳಹುಪ್ಪಟೆ ಧಾರಾಳ. ಮರಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಹೊಳೆಯಲ್ಲಿ ಎಲ್ಲಿ ಸಿಗಬೇಕು?

ಸಾಲ್ಮನ್ ಮೀನು ಕಡಲು ಬಿಟ್ಟು, ತಾನು ಹುಟ್ಟಿದ ಹೊಳೆಯ ನೀರಿನ ವಾಸನೆ ಹಿಡಿದು, ಜಲಪಾತ ಹಾರಿ ಬರುವುದನ್ನು ಟೀವಿಯಲ್ಲಿ ನೋಡಿ ಬೆರಗಾಗುತ್ತೇವೆ. ಅಲ್ಲಿ ಕರಡಿ ಬಾಯ್ದೆರೆದು ನಿಂತಿರುತ್ತದೆ, ಇಲ್ಲಿ ನಾವು. ಪೆಸಿಫಿಕ್ ಕಡಲಿನ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಮೇಲೆ ಸಾಯುತ್ತವೆ. ನಮ್ಮವು ಸಾಯುವುದಿಲ್ಲ, ನೆರೆ ಇಳಿಯುವಾಗ ಹೊಳೆಗೆ ಮರಳುತ್ತವೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಘಟ್ಟದ ಮೀನನ್ನು ಸಾಲ್ಮನ್ ಜೊತೆ ತೂಗಿ ನೋಡಿದವರಲ್ಲಿ ನಾನೇನೂ ಮೊದಲಿಗನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಹುಚ್ಚಿನ ಮನುಷ್ಯ. 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ದಲ್ಲಿ ಆತ, ಗಾಳಕ್ಕೆ ಬಿದ್ದು ಎಳೆದಾಡುವುದರಲ್ಲಿ ನಮ್ಮ ಮಹಶೀರ್ ಸಾಲ್ಮನ್‌ಗಿಂತ ಒಂದು ಕೈ ಮೇಲು ಎಂದು ವಾದಿಸಿದ. ಮೂಡಿಗೆರೆ ಮತ್ತು ಗಾಳ ಎಂದ ಕೂಡಲೇ ನೆನಪಾಗುವ ಪೂರ್ಣಚಂದ್ರ ತೇಜಸ್ವಿಯವರದೂ ಇದೇ ಹುಚ್ಚು. ಆದರೆ ಗಾಳ ಒಬ್ಬಂಟಿಗನ ತಪಸ್ಸು. ಹತ್ತುಮೀನು ಊರಿನದು.

ಹತ್ತುವವರ ಪೈಕಿ ಗೆಂಡೆ ಜಾತಿಯ ಸಣ್ಣ ಮೀನುಗಳದೇ ದೊಡ್ಡ ದಂಡು. ಕೊರವ ಮತ್ತು ಮುರುಗೋಡಿನದು ಬೇರೆಯೇ ಗತ್ತು. ಕಿವಿರಿನ ಜೊತೆಗೆ ನೇರ ಗಾಳಿಯನ್ನೇ ಉಸಿರಾಡುವ ಅಂಗವೂ ಇವಕ್ಕಿರುವುದರಿಂದ ನೀರು ತಪ್ಪಿದರೂ ಕಂಗೆಡುವುದಿಲ್ಲ. ಒದ್ದೆ ಹುಲ್ಲಿನ ಮೇಲೆ ಹೊರಳುತ್ತ ಬದು ದಾಟಿ ಪಕ್ಕದ ಗದ್ದೆಗೆ ಇಳಿಯುತ್ತವೆ. ತೋಟದ ರಸ್ತೆಯಲ್ಲಿ ಜೀಪಿನ ದೀಪಕ್ಕೆ ಮೀನು ಅಡ್ಡ ಬಂತು ಎಂದು ಯಾರಾದರೂ ಹೇಳಿದರೆ ಪೂರ್ತಿ ಬುರುಡೆ ಎಂದು ತಳ್ಳಿಹಾಕಬೇಡಿ.

ಇವುಗಳನ್ನು ಹಿಡಿಯುವ ಹಳೆಯ ಸಾಧನವೇ ಕೂಣಿ. ಕೆಲವು ಕಡೆ ಕೂಳಿ ಎನ್ನುತ್ತಾರೆ. ಬಿದಿರನ್ನೋ ವಾಟೆಯನ್ನೋ ಸೀಳಿ, ಗಿಣ್ಣು ಕೆತ್ತಿ, ಕಡ್ಡಿಗಳನ್ನು ಬೆತ್ತದಲ್ಲೋ ಕಾಡುಬಳ್ಳಿಯಲ್ಲೋ ಬಿಗಿದು ಹೆಣೆದ ಉದ್ದನೆಯ ಬುಟ್ಟಿ ಇದು: ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ಕೂಡಿಸಿ ಕಟ್ಟಿದ ಬಾಲ. ಗುಟ್ಟೆಲ್ಲ ಇರುವುದು ಬಾಯೊಳಗೆ. ಅಲ್ಲಿ ಚೂಪಾದ ಕಡ್ಡಿಗಳ ಇನ್ನೊಂದು ಪುಟ್ಟ ಬಾಯಿ ಒಳಮುಖವಾಗಿ ಕೂತಿರುತ್ತದೆ. ನುಗ್ಗುವ ಮೀನಿಗೆ ಕಡ್ಡಿಗಳು ಬಾಗಿ ದಾರಿ ಬಿಡುತ್ತವೆ, ಹೊರಳಿ ಬರುವ ಮೀನಿಗೆ ಮೊನೆ ತೋರಿಸುತ್ತವೆ. ಬೆಳಿಗ್ಗೆ ಬಾಲದ ಕಟ್ಟು ಬಿಚ್ಚಿ ಬುಟ್ಟಿಗೆ ಕೊಡವಿದರೆ ಮೀನಿನ ಜೊತೆ ಕಾರೇಡಿ, ಕಪ್ಪೆ, ಒಮ್ಮೊಮ್ಮೆ ಸಿಟ್ಟಿಗೆದ್ದ ನೀರುಹಾವು. ಕೈ ಹಾಕಿ ತೆಗೆಯುವ ಮೊದಲು ದೀಪ ಹಿಡಿಯುವುದು ಕ್ಷೇಮ.

ಹೆಣೆಯುವುದು ಅರ್ಧ ಕಸುಬು, ಒಡ್ಡುವುದು ಇನ್ನರ್ಧ. ನೀರಿನ ಸೆಳೆತ ಎಲ್ಲಿ ಕೂಡುತ್ತದೆ, ಯಾವ ಕಂಡಿಗೆ ಮೀನು ಮೂತಿಯಿಡುತ್ತದೆ ಎಂದು ನೋಡಿ, ಕಲ್ಲು, ಸೊಪ್ಪು, ಮಣ್ಣಿನ ಹೆಂಟೆಯಿಂದ ಅಕ್ಕಪಕ್ಕ ಕಟ್ಟಿ, ಕೂಣಿ ತೇಲದಂತೆ ಗೂಟ ಹೊಡೆಯಬೇಕು. ಕಡ್ಡಿಯ ಸಂದು ತೀರಾ ಕಿರಿದಾದರೆ ಕಸ ಕಟ್ಟಿ ನೀರು ಕೂಣಿಯನ್ನೇ ಹೊತ್ತೊಯ್ಯುತ್ತದೆ. ಆದ್ದರಿಂದ ಸಂದು ಬಿಡಲೇಬೇಕು, ಬಿಟ್ಟ ಸಂದಿನಲ್ಲಿ ಮರಿಗಳು ತಪ್ಪಿಸಿಕೊಳ್ಳುತ್ತವೆ. ಇದನ್ನು ಹಿರಿಯರ ಪರಿಸರಪ್ರಜ್ಞೆ ಎಂದು ಹೊಗಳುವ ಆಸೆ ನನಗಿಲ್ಲ. ನೀರು ಹೇಳಿದಂತೆ ಕೇಳಿದ್ದಾರೆ, ಅಷ್ಟೆ.

ದೇವರಮನೆಯ ಕಾಲಭೈರವೇಶ್ವರ ಗುಡಿಯ ಸುತ್ತಲಿನ ಗುಡ್ಡದ ಮೇಲೆ ನಿಂತರೆ ಮೀನಿನ ದಾರಿಯ ನಕ್ಷೆ ಎರಡು ಕಡೆಗೂ ಬಿಚ್ಚಿಕೊಳ್ಳುತ್ತದೆ. ಪೂರ್ವಕ್ಕೆ ಜಾರಿದ ನೀರು ಹೇಮಾವತಿಗೆ, ಅಲ್ಲಿಂದ ಕಾವೇರಿಗೆ. ಪಶ್ಚಿಮದ ಕಮರಿಗೆ ಬಿದ್ದದ್ದು ನೇತ್ರಾವತಿಯ ಕಡೆಗೆ. ಹೇಮಾವತಿ ಹುಟ್ಟುವ ಜಾವಳಿ ಇದೇ ತಾಲ್ಲೂಕಿನದು. ಕಾವೇರಿಯಿಂದ ಮೀನು ಇಲ್ಲಿಯವರೆಗೆ ಹತ್ತಲು ಹಿಂದೆ ಅಡ್ಡಿಯಿರಲಿಲ್ಲ. ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಆ ದಾರಿ ಮುಚ್ಚಿತು. ಕಳಸದ ಭದ್ರೆಗೆ ಲಕ್ಕವಳ್ಳಿಯಲ್ಲಿ ಅದೇ ಕಥೆ. ಹಿನ್ನೀರಿನ ವಿಶಾಲ ಸರೋವರಗಳಲ್ಲಿ ಈಗ ಬಲೆಗೆ ಬೀಳುವ ಮೀನಿನಲ್ಲಿ ಬಹುಪಾಲು ಇಲಾಖೆ ಬಿತ್ತಿದ ಕಾಟ್ಲಾ, ರೋಹು.

ಪಶ್ಚಿಮದ ಬುಡದಲ್ಲಿ, ಎತ್ತಿನಭುಜದ ಕೆಳಗೆ, ಶಿಶಿಲ. ಕಪಿಲೆಯ ದಂಡೆಯ ಶಿಶಿಲೇಶ್ವರ ದೇವಸ್ಥಾನದ ಮೆಟ್ಟಿಲ ಬಳಿ ಮಹಶೀರ್‌ಗಳು ಮಂಡಕ್ಕಿಗೆ ಬಾಯಿ ಬಿಡುತ್ತವೆ. ದೇವರ ಮೀನು, ಯಾರೂ ಮುಟ್ಟುವುದಿಲ್ಲ. ಶೃಂಗೇರಿಯ ತುಂಗೆಯಲ್ಲೂ ಹಾಗೇ. ಆದರೆ ದೇವರ ಕಾವಲಿಗೂ ಮಿತಿಯಿದೆ: 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿ ಸಾವಿರಾರು ಮೀನು ಸತ್ತವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ.

ದೇವರಿಲ್ಲದ ಹಳ್ಳಗಳ ಪಾಡು ಏನು? ಹಿಂದೆ ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕುತ್ತಿದ್ದರು. ಈಗ ಬ್ಲೀಚಿಂಗ್ ಪೌಡರ್, ಕರೆಂಟು, ತೋಟೆ. ಇವು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತು. ಕಾನೂನಿಗೆ ಒಳಪಟ್ಟೇ ನಡೆಯುವುದೂ ಒಂದಿದೆ. ಕಾಫಿಯ ಎಲೆಗೆ ತುಕ್ಕು ಬೀಳದಂತೆ ಮಳೆಗಾಲಕ್ಕೆ ಮುಂಚೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವ ಮೈಲುತುತ್ತ ಮೀನಿಗೆ ವಿಷ. ಮೀನು ಹತ್ತಲು ಕಾಯುವ ಹೊತ್ತಿಗೇ ಉಳಿದ ದ್ರಾವಣವನ್ನು, ಡ್ರಮ್ಮು ತೊಳೆದ ನೀರನ್ನು ತೋಡಿಗೆ ಚೆಲ್ಲುವವರು ಇದ್ದಾರೆ. ತೋಟದವರು ನಾವು ಹೊಳೆಯ ಬಗ್ಗೆ ಭಾಷಣ ಮಾಡುವಾಗ ಈ ಡ್ರಮ್ಮಿನ ವಿಷಯ ಎತ್ತುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಗದ್ದೆಗೆ. ಭತ್ತ ಗಿಟ್ಟುವುದಿಲ್ಲ, ಆಳು ಸಿಗುವುದಿಲ್ಲ, ಕಾಡುಹಂದಿ ಬಿಡುವುದಿಲ್ಲ. ಗದ್ದೆಗೆ ಮೊದಲು ಶುಂಠಿ, ಆಮೇಲೆ ಅಡಿಕೆ. ಅಡಿಕೆಗೆ ನೀರು ನಿಲ್ಲಬಾರದು, ಕಪ್ಪು, ಅಂದರೆ ಬಸಿಗಾಲುವೆ, ಹೊಡೆದು ಬಸಿದು ಹಾಕುತ್ತಾರೆ. ಕೆನ್ನೀರಿಗೆ ಎದುರೇರಿ ಬಂದ ಮೀನಿಗೆ ಮೇಲೆ ಸಿಗುವುದು ಗದ್ದೆಯಲ್ಲ, ಚರಂಡಿ. ಗದ್ದೆಯ ಕಂಡಿಯೇ ಇಲ್ಲದ ಮೇಲೆ ಕೂಣಿ ಒಡ್ಡುವುದೆಲ್ಲಿ? ಹೆಣೆಯುವ ಕೈಗಳೂ ಕಡಿಮೆಯಾಗಿ, ಹಲವು ಮನೆಗಳಲ್ಲಿ ಕೂಣಿ ಅಟ್ಟ ಸೇರಿದೆ. ಹೋಂಸ್ಟೇಗಳಲ್ಲಿ ಅದರೊಳಗೆ ಬಲ್ಬು ಹಾಕಿ ತೂಗುಬಿಟ್ಟದ್ದನ್ನೂ ನೋಡಿದ್ದೇನೆ. ಚೆನ್ನಾಗಿಯೇ ಕಾಣುತ್ತದೆ.

ಕೇರಳದಲ್ಲಿ ಇದೇ ಹತ್ತುಮೀನಿಗೆ ‘ಊತ್ತ’ ಎನ್ನುತ್ತಾರೆ. ಮೊಟ್ಟೆಯಿಡಲು ಹೊರಟ ಮೀನನ್ನು ಹಿಡಿಯದಂತೆ ಅಲ್ಲಿ 2010ರ ಒಳನಾಡು ಮೀನುಗಾರಿಕೆ ಕಾಯ್ದೆ ತಡೆ ಹಾಕಿದೆ. ಮೂಡಿಗೆರೆಯ ಕತ್ತಲಲ್ಲಿ, ಆ ಮಳೆಯಲ್ಲಿ, ಅಂಥ ಕಾನೂನನ್ನು ಹಿಡಿದು ಯಾವ ಅಧಿಕಾರಿ ಹಳ್ಳಕ್ಕಿಳಿದಾನು? ನನಗೆ ತೋಚುವ ದಾರಿ ಕೂಣಿಯಲ್ಲೇ ಇದೆ. ಹತ್ತುವ ಮೀನಿಗೆ ಅದರ ಬಾಯಿ ಹಳ್ಳದ ಕಡೆಗಿರುತ್ತದೆ, ಇಳಿಯುವ ಮೀನಿಗೆ ಗದ್ದೆಯ ಕಡೆಗೆ. ನಮ್ಮ ಮೀನುಗಳು ಸಾಲ್ಮನ್‌ನಂತೆ ಮೇಲೆಯೇ ಸಾಯುವುದಿಲ್ಲವಲ್ಲ. ಬಂದ ದಾರಿಯಲ್ಲೇ ವಾಪಸು ಬರುತ್ತವೆ. ಮೊದಲ ನೆರೆಗೆ ಕಂಡಿ ಬಿಟ್ಟುಕೊಟ್ಟು, ನೀರು ಇಳಿಯುವಾಗ ಬಾಯಿ ತಿರುಗಿಸಿ ಒಡ್ಡಿದರೆ ತತ್ತಿ ಗದ್ದೆಯಲ್ಲಿ ಉಳಿಯಿತು, ಮರಿ ಕಡ್ಡಿಯ ಸಂದಿನಲ್ಲಿ ಪಾರಾಯಿತು, ದೊಡ್ಡ ಮೀನು ಸಾರಿಗಾಯಿತು.

ಇದನ್ನು ಹೇಳಿದರೆ ಹಳಬರು ಮೂಗು ಮುರಿಯುತ್ತಾರೆ. ತತ್ತಿ ಕಳೆದುಕೊಂಡ ಮೀನು ಬಡಕಲು, ಕಡುಬಿನ ಜೊತೆ ಅದಕ್ಕೇನು ರುಚಿ ಎಂಬುದು ಅವರ ತಕರಾರು. ತಕರಾರಿನಲ್ಲಿ ನಿಜವಿದೆ. ಹುಳಿ ಸ್ವಲ್ಪ ಮುಂದಾಗಿ ಹಾಕಿ, ಖಾರ ಇನ್ನೊಂದಿಷ್ಟು ಅರೆಯಬೇಕಾಗುತ್ತದೆ.