ಬಿಡಿ ಬೈಟುಗಳ ಒಟ್ಟು ರವಾನೆ

ಸುದ್ದಿಯ ಗಾತ್ರಕ್ಕಿಂತಲೂ ಅದನ್ನು ಎಷ್ಟು ಸಲ ಬಿಡಿಬಿಡಿಯಾಗಿ ಕಳುಹಿಸಲಾಯಿತೆಂಬುದೇ ಸರ್ವರ್ ಯಂತ್ರಕ್ಕೆ ಹೆಚ್ಚಿನ ಹೊರೆಯಾಗುವುದುಂಟು. ಟಿಸಿಪಿ ಎಂಬ ಸಂವಹನ ನಿಯಮದಂತೆ ಹೊರಡುವ ಪ್ರತಿಯೊಂದು ಪ್ಯಾಕೆಟ್ಟೂ ವಿಳಾಸ, ಕ್ರಮಸಂಖ್ಯೆ ಮೊದಲಾದ ವಿವರಗಳನ್ನು ತಲೆಯ ಮೇಲೆ ಹೊತ್ತಿರುತ್ತದೆ. ಐಪಿಯ ನಾಲ್ಕನೆಯ ಆವೃತ್ತಿಯಲ್ಲಿ ಈ ಹೊರೆ ಕಡಿಮೆಯೆಂದರೂ 40 ಬೈಟು. ಒಂದೇ ಅಕ್ಷರವನ್ನು ಕಳುಹಿಸಿದರೆ ಜಾಲದಲ್ಲಿ ಸಾಗುವುದು 41 ಬೈಟು. ಒಂದು ಕಾಳು ಭತ್ತಕ್ಕೆ ನಲವತ್ತು ಕಾಳು ತೂಗುವ ಚೀಲ! ಸಾಮಾನ್ಯ ಈಥರ್ನೆಟ್ಟಿನ 1500 ಬೈಟುಗಳ ಮಿತಿಯನ್ನು ಪೂರ್ತಿ ತುಂಬಿ ಕಳುಹಿಸಿದರೆ 1460 ಬೈಟುಗಳ ಸರಕಿಗೂ ಅದೇ ಚೀಲ ಸಾಕು.

ಜಾಲವನ್ನು ಮುಟ್ಟುವುದಕ್ಕೆ ಮುನ್ನವೇ ಇನ್ನೊಂದು ವೆಚ್ಚವಿದೆ. ಸಾಮಾನ್ಯವಾಗಿ ಸರ್ವರ್ ತಂತ್ರಾಂಶವು ತಾನೇ ನೇರವಾಗಿ ಜಾಲಕ್ಕೆ ಬರೆಯುವುದಿಲ್ಲ. ಪ್ರತಿಯೊಂದು ‘ರೈಟ್’ ಕರೆಗೂ ಕಾರ್ಯವ್ಯವಸ್ಥೆಯ ಕರ್ನಲ್ಲಿನ ಹೊಸ್ತಿಲನ್ನು ದಾಟಿ ಹಿಂದಿರುಗಬೇಕು. ಹತ್ತು ತುಣುಕುಗಳಿಗೆ ಹತ್ತು ಸಲ ದಾಟುವ ಬದಲು ಒಂದೇ ಸಲ ದಾಟಿದರೆ ಉಳಿದ ಕಾಲವನ್ನು ಬೇರೆ ಗ್ರಾಹಕರ ಸೇವೆಗೆ ಬಳಸಬಹುದು. 1983ರ 4.2 ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಬಂದ ‘ರೈಟ್‌ವಿ’ ಎಂಬ ಕರೆಯು, ಸ್ಮೃತಿಯಲ್ಲಿ ಚೆದುರಿಬಿದ್ದ ತುಣುಕುಗಳನ್ನು ಒಂದೇ ಬಾರಿಗೆ ಒಪ್ಪಿಸಲು ಅನುವು ಮಾಡಿಕೊಟ್ಟಿತು.

ಆದರೆ ಒಟ್ಟುಗೂಡಿಸುವುದೆಂದರೆ ಕಾಯುವುದೇ ಅಲ್ಲವೆ? ಎಷ್ಟು ಕಾಯಬೇಕು? ರೈಲು ನಿಲ್ದಾಣದೆದುರಿನ ಷೇರ್ ಟ್ಯಾಕ್ಸಿ ನಾಲ್ಕನೆಯ ಪ್ರಯಾಣಿಕನಿಗಾಗಿ ನಿಂತೇ ಇದ್ದರೆ ಮೊದಲು ಕುಳಿತವನ ಗತಿಯೇನು? ಫೋರ್ಡ್ ಏರೋಸ್ಪೇಸ್ ಸಂಸ್ಥೆಯಲ್ಲಿದ್ದ ಜಾನ್ ನೇಗಲ್ 1984ರ ಜನವರಿಯಲ್ಲಿ ಪ್ರಕಟವಾದ 896ನೆಯ ಆರ್‌ಎಫ್‌ಸಿ ಪತ್ರದಲ್ಲಿ ಇದಕ್ಕೊಂದು ಸೊಗಸಾದ ಉತ್ತರ ಕೊಟ್ಟನು. ಹಿಂದೆ ಕಳುಹಿಸಿದ್ದಕ್ಕೆ ಸ್ವೀಕೃತಿ ಬಾರದೆ ಉಳಿದಿರುವಾಗ ಸಣ್ಣ ತುಣುಕುಗಳನ್ನು ತಡೆದಿಡಬೇಕು. ಸ್ವೀಕೃತಿ ಬಂದೊಡನೆ, ಇಲ್ಲವೆ ಪ್ಯಾಕೆಟ್ಟು ತುಂಬಿದೊಡನೆ, ಕಳುಹಿಸಬೇಕು. ಗಡಿಯಾರದ ಗೊಡವೆಯೇ ಇಲ್ಲ. ಜಾಲ ಚುರುಕಾಗಿದ್ದಲ್ಲಿ ಕಾಯುವಿಕೆ ಅಲ್ಪ. ನಿಧಾನವಾಗಿದ್ದಲ್ಲಿ ಗಂಟು ತಾನಾಗಿಯೇ ದೊಡ್ಡದಾಗುತ್ತದೆ.

ಇದೇ ಕಾಲದಲ್ಲಿ ಮತ್ತೊಂದು ಮಿತವ್ಯಯದ ಉಪಾಯವೂ ಟಿಸಿಪಿಯನ್ನು ಸೇರಿತು: ಸ್ವೀಕೃತಿಯನ್ನು ಕೂಡಲೆ ಕಳುಹಿಸದೆ, ಹೊರಡಲಿರುವ ಉತ್ತರದೊಡನೆ ಕೂಡಿಸಿ ಕಳುಹಿಸುವುದು. ಎರಡೂ ಬಿಡಿಬಿಡಿಯಾಗಿ ಸಾಧುವೇ. ಕೂಡಿದಾಗ ಮಾತ್ರ ಅನಾಹುತ. ಗ್ರಾಹಕ ತಂತ್ರಾಂಶವೊಂದು ತನ್ನ ಕೋರಿಕೆಯ ತಲೆಬರಹವನ್ನು ಒಂದು ಕರೆಯಲ್ಲಿಯೂ ಒಡಲನ್ನು ಮತ್ತೊಂದು ಕರೆಯಲ್ಲಿಯೂ ಬರೆಯಿತೆನ್ನೋಣ. ತಲೆಬರಹ ಹೊರಟುಹೋಗುತ್ತದೆ, ಒಡಲು ಅದರ ಸ್ವೀಕೃತಿಗಾಗಿ ಕಾಯುತ್ತದೆ. ಅತ್ತ ಸರ್ವರ್ ಯಂತ್ರವು, ಉತ್ತರದೊಡನೆ ಕಳುಹಿಸಿದರಾಯಿತೆಂದು ಸ್ವೀಕೃತಿಯನ್ನು ಹಿಡಿದಿಟ್ಟಿದೆ. ಒಡಲು ಬಾರದೆ ಉತ್ತರವಾದರೂ ಎಲ್ಲಿಂದ ಹುಟ್ಟಬೇಕು? ‘ನೀನು ಮೊದಲು’ ಎಂಬ ಈ ಉಪಚಾರವು ಸ್ವೀಕೃತಿಯ ಗಡುವು ಮುಗಿಯುವವರೆಗೂ ನಡೆಯುತ್ತದೆ. ಬಿಎಸ್‌ಡಿ ಸಂಪ್ರದಾಯದಲ್ಲಿ ಆ ಗಡುವು 200 ಮಿಲಿಸೆಕೆಂಡು. ಪ್ರತಿ ಕೋರಿಕೆಗೂ ಇಷ್ಟು ಕಾದರೆ, ಒಂದಾದ ಮೇಲೊಂದರಂತೆ ಒಂದು ಸಂಪರ್ಕದಲ್ಲಿ ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಕೋರಿಕೆಗಳು ಸಾಗವು. ಯಂತ್ರ ಎಷ್ಟೇ ಬಲಶಾಲಿಯಾಗಿದ್ದರೂ ಫಲವಿಲ್ಲ.

‘ಟಿಸಿಪಿ ನೋಡಿಲೇ’ ಎಂಬ ಆಯ್ಕೆಯಿಂದ ನೇಗಲ್‌ನ ನಿಯಮವನ್ನು ನಿಲ್ಲಿಸಬಹುದು. ಗೋ ಭಾಷೆಯಲ್ಲಿ ಟಿಸಿಪಿ ಸಂಪರ್ಕಗಳಿಗೆ ಇದೇ ರೂಢಿ. ಆದರೆ ಇಷ್ಟರಿಂದಲೇ ನಿಶ್ಚಿಂತರಾದವರ ಬಿಡಿ ತುಣುಕುಗಳು ಮತ್ತೆ ಬಿಡಿಬಿಡಿಯಾಗಿಯೇ ಹೊರಡುತ್ತವೆ. ನಲವತ್ತು ಕಾಳಿನ ಚೀಲ ಹಿಂದಿರುಗುತ್ತದೆ. ಮಾತು ಎಲ್ಲಿ ಮುಗಿಯಿತೆಂಬುದು ಕರ್ನಲ್ಲಿಗೆ ತಿಳಿಯದು, ಅದು ಊಹಿಸಬೇಕು. ತಂತ್ರಾಂಶಕ್ಕೆ ಚೆನ್ನಾಗಿ ತಿಳಿದಿದೆ. ಆದುದರಿಂದ ಗಂಟು ಕಟ್ಟುವ ಕೆಲಸ ತಂತ್ರಾಂಶದ್ದೇ ಆಗಬೇಕು.

2009ರಲ್ಲಿ ಸಾಲ್ವಟೋರೆ ಸಾನ್‌ಫಿಲಿಪ್ಪೊ ಹೊರತಂದ ರೆಡಿಸ್ ಎಂಬ ದತ್ತಾಂಶ ಸರ್ವರಿನ ಕ್ರಮ ಇಲ್ಲಿ ಗಮನಾರ್ಹ. ಒಂದು ಸುತ್ತಿನಲ್ಲಿ ಬಂದ ಆಜ್ಞೆಗಳನ್ನೆಲ್ಲ ಅದು ನೆರವೇರಿಸುತ್ತದೆ. ಉತ್ತರಗಳನ್ನು ಆಯಾ ಗ್ರಾಹಕನ ಬಫರಿನಲ್ಲಿ ಕೂಡಿಡುತ್ತದೆ. ಮುಂದಿನ ಸುದ್ದಿಗಾಗಿ ವಿರಮಿಸುವ ಮುನ್ನ ಅವನ್ನು ಒಟ್ಟಾಗಿ ಬರೆಯುತ್ತದೆ. ಗ್ರಾಹಕನು ನೂರು ಸಣ್ಣ ಆಜ್ಞೆಗಳನ್ನು ಒಟ್ಟಿಗೆ ಕಳುಹಿಸಿದ್ದರೆ ನೂರು ಉತ್ತರಗಳೂ ಒಂದೇ ಕರೆಯಲ್ಲಿ ಹೊರಡಬಹುದು. ಒಂಟಿ ಆಜ್ಞೆಯ ಉತ್ತರ ಜೊತೆಗಾರರಿಗಾಗಿ ಕಾಯುವುದಿಲ್ಲ. ದೊಡ್ಡ ಗಂಟಿನ ಒಬ್ಬನೇ ಗ್ರಾಹಕನು ಉಳಿದವರ ಸರದಿಯನ್ನು ನುಂಗದಂತೆ, ಒಬ್ಬನಿಗೆ ಸುಮಾರು 64 ಕಿಲೋಬೈಟು ಬರೆದೊಡನೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸಿ, ಮಿಕ್ಕದ್ದನ್ನು ಅವನ ಮುಂದಿನ ಸರದಿಗೆ ಇರಿಸಿಕೊಳ್ಳುತ್ತದೆ.